ಏಳು ದಿನ ಕಳೆದ ಪೋಸ್ಟ್‌ಗೂ ದುಡ್ಡು ಕೊಡಿಸಿದ್ದು: ನನ್ನ ಅನುಭವ

ಹೈವ್ ಅಂದರೆ ಬರೆದದ್ದಕ್ಕೆ ಓದುಗರ ವೋಟಿನ ಮೇಲೆ ಕ್ರಿಪ್ಟೋ ದುಡ್ಡು ಕೊಡುವ ಬ್ಲಾಕ್‌ಚೈನ್ ವೇದಿಕೆ. ಅಲ್ಲಿ ಪೋಸ್ಟ್ ಹಾಕಿ ಏಳು ದಿನ ಕಳೆದ ಮೇಲೆ ಬಿದ್ದ ವೋಟಿಗೆ ದುಡ್ಡಿಲ್ಲ. ಹಾಗೆ ಅವಧಿ ಮುಗಿದ ಹಳೇ ಪೋಸ್ಟ್‌ಗೂ ಬರೆದವರಿಗೆ ದುಡ್ಡು ಕೊಡಿಸೋಣ ಅಂತ ಹೊರಟಾಗ, ಇದು ಆಗೋ ಕೆಲಸ ಅಲ್ಲ ಅಂದವರು ಕಡಿಮೆ ಅಂದರೂ ಐದು ಜನ. ಒಬ್ಬರು ನನ್ನ ಭಾವ, ಇನ್ನೊಬ್ಬ ಸಕಲೇಶಪುರದ ಗೆಳೆಯ, ಉಳಿದವರು ಹೈವ್‌ನಲ್ಲಿ ನನಗಿಂತ ಹಳಬರು. ಈಗ ಮೂರು ಮಳೆಗಾಲ ದಾಟಿದೆ, ನಿಂತಿಲ್ಲ. ಬೇಡ ಅಂದ ಭಾವನೇ ಎರಡು ಸಾವಿರ ಹೈವ್ ಪವರ್ (ವೋಟಿಗೆ ತೂಕ ಕೊಡುವ, ಲಾಕ್ ಮಾಡಿಟ್ಟ ಹೈವ್ ನಾಣ್ಯ) ಡೆಲಿಗೇಟ್ ಮಾಡಿದ್ದಾರೆ, ಅಂದರೆ ಬಳಸೋಕೆ ಎರವಲು ಕೊಟ್ಟಿದ್ದಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ವೋಟ್ ಹಾಕಿದಷ್ಟೂ ಖರ್ಚಾಗಿ ಮತ್ತೆ ನಿಧಾನಕ್ಕೆ ತುಂಬುವ ಶಕ್ತಿಗೆ ಮನಾ ಅಂತಾರೆ, ದಿನಕ್ಕೆ ಹತ್ತು ಪೂರ್ತಿ ವೋಟಿನಷ್ಟು. ಲಾಕ್ ಆದ ಹೈವ್ ಪವರ್ ಅನ್ನು ಕಂತಿನಲ್ಲಿ ಬಿಡಿಸಿಕೊಳ್ಳೋದು ಪವರ್ ಡೌನ್. ಇದಕ್ಕಿಂತ ಹೆಚ್ಚು ವಿವರಿಸುತ್ತಾ ಕೂರುವುದಿಲ್ಲ. ನಾನು ಸ್ಟೀಮ್‌ಗೆ (ಹೈವ್ ಒಡೆದು ಬಂದ ಮೂಲ ಚೈನ್) ಬಂದಿದ್ದು 2017ರ ಕೊನೆಯಲ್ಲಿ. ಅಷ್ಟೊತ್ತಿಗೆ ಏಳು ದಿನಕ್ಕೆ ದುಡ್ಡು ಹಂಚಿ ಮುಗಿಸುವ ಪೇಔಟ್ ಪದ್ಧತಿ ಬಂದಾಗಿತ್ತು. 2020ರ ಮಾರ್ಚ್‌ನಲ್ಲಿ ಚೈನ್ ಎರಡಾಗಿ ಹೈವ್ ಹುಟ್ಟಿದಾಗ ಎಲ್ಲರ ಜೊತೆ ನಾನೂ ಈ ಕಡೆ ಬಂದೆ. ಮನೆ ಇರುವುದು ಚಿಕ್ಕಮಗಳೂರಿನಿಂದ ಆಲ್ದೂರು ಕಡೆಗೆ, ಆರು ಎಕರೆ ಕಾಫಿ, ಜೊತೆಗೆ ಮೆಣಸು. ಬರೆಯುವುದೂ ಅದರ ಬಗ್ಗೆಯೇ, ಕನ್ನಡದಲ್ಲೇ.

2018ರ ಮೇ ತಿಂಗಳಲ್ಲಿ ಬೋರ್ಡೋ ದ್ರಾವಣದ (ಕೊಳೆರೋಗ ತಡೆಯಲು ಗಿಡಕ್ಕೆ ಸಿಂಪಡಿಸುವುದು) ಬಗ್ಗೆ ಒಂದು ಪೋಸ್ಟ್ ಹಾಕಿದ್ದೆ. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಇದು ಎಲ್ಲರಿಗೂ ಗೊತ್ತಿರೋದೇ. ನಾನು ಜಾಸ್ತಿ ಬರೆದಿದ್ದು ಕತ್ತಿ ಪರೀಕ್ಷೆ ಬಗ್ಗೆ. ತುಕ್ಕಿಲ್ಲದ ಕತ್ತಿಯನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದರೆ ಅಂಚಿನಲ್ಲಿ ತಾಮ್ರದ ಕೆಂಪು ಕೂತಿರುತ್ತಲ್ಲ, ಹಾಗಿದ್ದರೆ ಸುಣ್ಣ ಕಡಿಮೆಯಾಗಿದೆ ಅಂತ ಅರ್ಥ, ಎಲೆ ಸುಡುತ್ತೆ. ನಾಲ್ಕು ಫೋಟೋ ಹಾಕಿದ್ದೆ. ಏಳು ದಿನದಲ್ಲಿ ಬಂದದ್ದು ಒಂದು ಡಾಲರ್ ಚಿಲ್ಲರೆ. ಕನ್ನಡ ಬಾರದವರು ಫೋಟೋ ನೋಡಿ ವೋಟ್ ಹಾಕಿದ್ದು, ಅಷ್ಟೇ.

ಆದರೆ ಆ ಪೋಸ್ಟ್ ಸಾಯಲಿಲ್ಲ. ಪ್ರತಿ ವರ್ಷ ಕೊಳೆರೋಗದ ಭಯ ಶುರುವಾಗುತ್ತಿದ್ದಂತೆ ಯಾರೋ ಲಿಂಕ್ ಹಂಚುತ್ತಿದ್ದರು, ಯಾರೋ ಫೋನ್ ಮಾಡುತ್ತಿದ್ದರು. ನನಗೆ ಒಂದು ಪೈಸೆ ಇಲ್ಲ. ಪಕ್ಕದ ತೋಟದ ಮೇಷ್ಟ್ರಿಗೆ ಈ ಲೆಕ್ಕ ಹೇಳಿದಾಗ ಅವರು, "ಏಳು ದಿನಕ್ಕೆ ಬೆಲೆ ಮುಗಿಯುತ್ತೆ ಅಂದ್ರೆ ಅದು ಕೊತ್ತಂಬರಿ ಸೊಪ್ಪಿನ ವ್ಯಾಪಾರ ಕಣಪ್ಪ, ನೀನು ಕಾಫಿ ಗಿಡ ತಗೊಂಡು ಹೋಗಿ ಆ ಸಂತೆಯಲ್ಲಿ ಕೂತಿದ್ದೀಯ" ಅಂದರು. ಮೇಷ್ಟ್ರೂ ನನ್ನ ಒತ್ತಾಯಕ್ಕೆ ಕಾಂಡಕೊರಕದ ಬಗ್ಗೆ ಎರಡು ಪೋಸ್ಟ್ ಬರೆದಿದ್ದರು. ಅವರ ಕಥೆ ಆಮೇಲೆ ಬರುತ್ತೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ದಡ್ಡತನ. ಹಳೇದನ್ನೇ ಮತ್ತೆ ಹಾಕಿದೆ. ಸ್ವಲ್ಪ ತಿದ್ದಿ, ಹೊಸ ತಾರೀಖು ಕೊಟ್ಟು. ಎರಡನೇ ಸಲಕ್ಕೇ ಡೌನ್‌ವೋಟ್ (ಬರುವ ದುಡ್ಡು ಕಡಿಮೆ ಮಾಡುವ ಎದುರು ವೋಟ್) ಬಿತ್ತು, ಪೇಔಟ್ ಸೊನ್ನೆ. ಬೇಜಾರಾಯಿತು, ಆದರೆ ಡೌನ್‌ವೋಟ್ ಕೊಟ್ಟವರು ಹೇಳುವುದರಲ್ಲೂ ನ್ಯಾಯ ಇತ್ತು. ಹಳೇ ಪೋಸ್ಟ್‌ಗೆ ಎಂದೆಂದೂ ವೋಟ್ ತೆರೆದಿಟ್ಟರೆ ಯಾರೂ ನೋಡದ ಮೂಲೆಯಲ್ಲಿ ತಮಗೆ ತಾವೇ ವೋಟ್ ಹಾಕಿಕೊಂಡು ದುಡ್ಡು ಎತ್ತುವವರನ್ನು ಹಿಡಿಯೋದು ಯಾರು? ಏಳು ದಿನ ಇದ್ದರೆ ಜನರ ಕಣ್ಣು ಅಲ್ಲೇ ಇರುತ್ತೆ.

ಹಾಗಾದರೆ ಹಳೇ ಪೋಸ್ಟ್ ಮುಟ್ಟುವುದೇ ಬೇಡ, ಅದರ ಕೆಳಗೆ ಹೊಸ ಕಾಮೆಂಟ್ ಹಾಕೋಣ ಅನಿಸಿತು. ಕಾಮೆಂಟ್‌ಗೆ ಅದರದ್ದೇ ಏಳು ದಿನ ಇದೆಯಲ್ಲ. ಅದರ ಬೆನಿಫಿಷಿಯರಿಯಾಗಿ, ಅಂದರೆ ಗಳಿಕೆಯ ಪಾಲುದಾರನಾಗಿ, ಮೂಲ ಬರಹಗಾರನನ್ನು ಹಾಕಿದರೆ ದುಡ್ಡು ಅವನಿಗೇ ಹೋಗುತ್ತೆ. ಈ ಐಡಿಯಾ ನನ್ನದೊಬ್ಬನದೇ ಅಲ್ಲ, ಬೇರೆಯವರಿಗೂ ಹೊಳೆದಿತ್ತು. ಆದರೆ ನಡೆಸಿ ದಡ ಸೇರಿಸಿದವರು ನನ್ನ ಕಣ್ಣಿಗೆ ಬಿದ್ದಿಲ್ಲ. ಯಾಕೆ ಅಂತ ಮಾಡಿದ ಮೇಲೆ ತಿಳಿಯಿತು.

2023ರ ಶುರುವಲ್ಲಿ ಒಂದು ಪೂಲ್ (ಎಲ್ಲರ ಪವರ್ ಕೂಡಿಡುವ) ಅಕೌಂಟ್ ಮಾಡಿ, ಮೂರು ಜನ ಸೇರಿ ಮೂರು ಸಾವಿರ ಹೈವ್ ಪವರ್ ಹಾಕಿದೆವು. ನಲವತ್ತು ಹಳೇ ಪೋಸ್ಟ್ ಆರಿಸಿ, ಸ್ಕ್ರಿಪ್ಟ್ ಓಡಿಸಿ ಎಲ್ಲದರ ಕೆಳಗೂ ಒಂದೊಂದು ಕಾಮೆಂಟ್, ಒಂದೊಂದಕ್ಕೆ ಕಾಲು ವೋಟ್. ನಲವತ್ತು ಕಾಲು ಅಂದರೆ ಹತ್ತು, ದಿನದ ಮನಾಗೆ ಸರಿ ಹೋಯಿತು ಅಂತ ಖುಷಿಪಟ್ಟೆ. ಆಗ ಪೂರ್ತಿ ವೋಟಿಗೆ ನಮಗೆ ಆರು ಸೆಂಟ್ ಆಸುಪಾಸು ಬರುತ್ತಿತ್ತು. ಕಾಲು ಅಂದರೆ ಒಂದೂವರೆ ಸೆಂಟ್. ಎರಡು ಸೆಂಟ್‌ಗಿಂತ ಕಡಿಮೆ ಇದ್ದರೆ ಧೂಳು ಅಂತ ಚೈನ್ ಕೊಡೋದೇ ಇಲ್ಲ. ನಲವತ್ತಕ್ಕೆ ನಲವತ್ತೂ ಸೊನ್ನೆ! ಇಷ್ಟು ವರ್ಷ ಇದ್ದೂ ಇದು ತಲೆಗೆ ಬಾರದೆ ಹೋಯಿತಲ್ಲ ಅಂತ ಒಂದು ವಾರ ಯಾರಿಗೂ ಹೇಳಲಿಲ್ಲ. ಅದೂ ಅಲ್ಲದೆ ಒಂದೇ ಥರದ ನಲವತ್ತು ಕಾಮೆಂಟ್ ನೋಡಿ ಒಬ್ಬರು ಸ್ಪ್ಯಾಮ್ ಅಂತ ಡೌನ್‌ವೋಟ್ ಕೊಟ್ಟರು. ಸೊನ್ನೆಗೆ ಡೌನ್‌ವೋಟ್.

ಬೆನಿಫಿಷಿಯರಿ ಕಾಟ ಬೇರೆ. ಮೂರು ಏಟು ತಿಂದಿದ್ದೇನೆ. ಒಂದು, 9000 ಹಾಕುವ ಕಡೆ 900 ಹಾಕಿ, 90% ಅಂದುಕೊಂಡಿದ್ದು 9% ಆಯಿತು. ಎರಡು, ಇಬ್ಬರ ಹೆಸರು ಇದ್ದಾಗ ಇಂಗ್ಲಿಷ್ ಅಕ್ಷರಮಾಲೆ ಕ್ರಮದಲ್ಲಿ ಇರಬೇಕು, ಇಲ್ಲದಿದ್ದರೆ ಒಪ್ಪುವುದಿಲ್ಲ. ಎರಡು ರಾತ್ರಿ ಕೋಡ್ ಪೂರ್ತಿ ಬಗೆದೆ, ಕೊನೆಗೆ ನೋಡಿದರೆ ಇಷ್ಟು. ಮೂರನೆಯದು ದೊಡ್ಡದು. ನನ್ನ ಸ್ಕ್ರಿಪ್ಟ್ ಮೊದಲು ಕಾಮೆಂಟ್ ಕಳಿಸಿ, ಆಮೇಲೆ ಬೇರೆ ಟ್ರಾನ್ಸಾಕ್ಷನ್‌ನಲ್ಲಿ ಬೆನಿಫಿಷಿಯರಿ ಕಳಿಸುತ್ತಿತ್ತು. ನಡುವೆ ಒಂದೋ ಎರಡೋ ಬ್ಲಾಕ್, ಅಂದರೆ ಮೂರರಿಂದ ಆರು ಸೆಕೆಂಡ್. ಅಷ್ಟರಲ್ಲಿ ಗೆಳೆಯನ ಆಟೋ ವೋಟ್ ಬಂದು ಕೂತುಬಿಡುತ್ತಿತ್ತು. ಒಂದು ವೋಟ್ ಬಿದ್ದ ಮೇಲೆ ಬೆನಿಫಿಷಿಯರಿ ಹಾಕುವ ಹಾಗಿಲ್ಲ. ಹನ್ನೊಂದು ಕಾಮೆಂಟಿನ ದುಡ್ಡು ನಮ್ಮ ಪೂಲ್ ಅಕೌಂಟ್‌ಗೇ ಬಂತು. ಲೆಕ್ಕ ಹಾಕಿ ಕೈಯಾರೆ ಕಳಿಸಿದೆ, ಆದರೆ ಹೆಸರು ಕೆಟ್ಟಿತು. "ಬರೆದವರಿಗೆ ಅಂತ ಹೇಳಿ ನೀವೇ ತಿಂತಿದ್ದೀರಾ?" ಅಂತ ಒಬ್ಬರು ಕೇಳಿಯೇ ಬಿಟ್ಟರು. ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಳಿಸಿದರೆ ಈ ತೊಂದರೆಯೇ ಇಲ್ಲ. ಇದನ್ನು ಮರೆಯಬೇಡಿ.

ಆಮೇಲೆ ಅಸಲಿ ಪ್ರಶ್ನೆ. ಹಳೇ ಪೋಸ್ಟ್ ಇನ್ನೂ ಉಪಯೋಗಕ್ಕೆ ಬರುತ್ತಿದೆ ಅಂತ ಗೊತ್ತಾಗೋದು ಹೇಗೆ? ಎಷ್ಟು ಜನ ನೋಡಿದರು ಅನ್ನೋ ಲೆಕ್ಕ ಬಿಟ್ಟೆ, ನಾನೇ ಹತ್ತು ಸಲ ರಿಫ್ರೆಶ್ ಮಾಡಿದರೂ ಏರುತ್ತೆ. ಓದಿ, ಮಾಡಿ ನೋಡಿದವರು ಬೇಕು. ಆದರೆ ನಮ್ಮ ಕಡೆ ಬೆಳೆಗಾರರಿಗೆ ಹೈವ್ ಅಕೌಂಟ್ ಎಲ್ಲಿಂದ ಬರಬೇಕು? ಗೊಬ್ಬರದ ಅಂಗಡಿಯವರೊಬ್ಬರನ್ನು ಹಿಡಿದು, ಮೈಲುತುತ್ತು ತೂಗುವ ತಕ್ಕಡಿ ಪಕ್ಕ ಒಂದು ಕ್ಯೂಆರ್ ಸ್ಟಿಕ್ಕರ್ ಅಂಟಿಸಿದೆ. ಸ್ಕ್ಯಾನ್ ಮಾಡಿದರೆ ಪೋಸ್ಟ್, ಅದರ ಕೆಳಗೆ ನನ್ನ ವಾಟ್ಸಾಪ್. ಮಾಡಿದವರು ಫೋಟೋ ಕಳಿಸಿದರೆ ಅದನ್ನು "ಮಾಡಿ ನೋಡಿದೆ" ಅಂತ ಪೂಲ್ ಅಕೌಂಟಿನಿಂದ ಕಾಮೆಂಟ್ ಮಾಡಿ, ಬರೆದವರಿಗೆ 80%, ಪೂಲ್ ಖರ್ಚಿಗೆ 20%.

ಶುರುವಲ್ಲಿ ಫೋಟೋ ಕಳಿಸಿದವರಿಗೆ ಹತ್ತು ರೂಪಾಯಿ ರೀಚಾರ್ಜ್ ಅಂದೆ. ಅದೊಂದು ತಪ್ಪು ನೋಡಿ. ನಾಲ್ಕೇ ದಿನದಲ್ಲಿ ಫೋಟೋಗಳ ಮಳೆ. ಮೂರು ನಂಬರ್‌ನಿಂದ ಬಂದ ಮೂರು ಫೋಟೋದಲ್ಲಿ ಅದೇ ನೀಲಿ ಡ್ರಮ್, ಡ್ರಮ್ ಮೇಲೆ ಅದೇ ಹರಿದ ಗೋಣಿಚೀಲ, ಹಿಂದೆ ಅದೇ ಕರಿನಾಯಿ ಮಲಗಿತ್ತು. ಮೂರರಲ್ಲೂ ನಾಯಿ ಎದ್ದಿಲ್ಲ! ಕೈ ಬಿಟ್ಟದ್ದು ಒಂದು ಆರುನೂರು ರೂಪಾಯಿ. ರೀಚಾರ್ಜ್ ನಿಲ್ಲಿಸಿದ ದಿನ ಫೋಟೋ ನಿಂತವು, ಆಮೇಲೆ ನಿಧಾನಕ್ಕೆ ಬಂದದ್ದೆಲ್ಲ ಅಸಲಿ. ಈಗ ಸುಳ್ಳು ಫೋಟೋ ಹಿಡಿಯೋಕೆ ಒಂದು ಉಪಾಯ ಇಟ್ಟುಕೊಂಡಿದ್ದೇನೆ, ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ದ್ರಾವಣ ಕೈಯಾರೆ ಮಾಡಿದವನಿಗೆ ಮಾತ್ರ ಉತ್ತರ ಗೊತ್ತಿರುತ್ತೆ. ಪ್ರಶ್ನೆ ಏನು ಅಂತ ಇಲ್ಲಿ ಬರೆದರೆ ಕೆಲಸ ಕೆಟ್ಟಿತು, ಹಾಗಾಗಿ ಕೇಳಬೇಡಿ.

ಇನ್ನೊಂದು ತಿಳಿದದ್ದು ಕಾಲದ ವಿಚಾರ. ಹಳೇ ಪೋಸ್ಟ್‌ಗೆ ತಿಂಗಳು ತಿಂಗಳು ಸಂಬಳ ಕೊಡುವ ಹಾಗೆ ವೋಟ್ ಹಂಚುತ್ತಿದ್ದೆ, ಅದು ಸುಮ್ನೆ ದಂಡ. ಬೋರ್ಡೋ ಪೋಸ್ಟ್‌ಗೆ ಜನ ಬರೋದು ಮೇ, ಜೂನ್, ಆಮೇಲೆ ಮಳೆ ಬಿಡುವು ಕೊಟ್ಟಾಗ ಒಂದಿಷ್ಟು. ಕಾಂಡಕೊರಕ ಹೊಡೆದ ಗಿಡ ಹುಡುಕಿ ಕೀಳುವ ಪೋಸ್ಟ್‌ಗೆ ಮಾರ್ಚ್ ಮತ್ತು ಸೆಪ್ಟೆಂಬರ್, ದುಂಬಿ ಹಾರೋಕೆ ಮುಂಚೆ. ಜನವರಿಯಲ್ಲಿ ಅದನ್ನು ಯಾರು ಓದುತ್ತಾರೆ? ಆಗ ಎಲ್ಲರೂ ಕಣದಲ್ಲಿ ಇರುತ್ತಾರೆ. ಆಯಾ ತಿಂಗಳಿಗೆ ಮೂರೋ ನಾಲ್ಕೋ ಪೋಸ್ಟ್ ಮಾತ್ರ, ಬಂದ "ಮಾಡಿ ನೋಡಿದೆ" ವರದಿಗೆ ಪೂರ್ತಿ ವೋಟ್. ಉಳಿದ ಮನಾ ಮಾಮೂಲಿ ಕ್ಯುರೇಶನ್‌ಗೆ, ಅಂದರೆ ಬೇರೆ ಒಳ್ಳೇ ಪೋಸ್ಟ್ ಆರಿಸಿ ವೋಟ್ ಹಾಕೋಕೆ. ಹೀಗೆ ಮಾಡಿದ ಮೇಲೆ ಡೌನ್‌ವೋಟ್ ಕೊಡುತ್ತಿದ್ದವರೇ ನಿಲ್ಲಿಸಿದರು, ಯಾಕೆಂದರೆ ಪ್ರತಿ ಕಾಮೆಂಟಿನಲ್ಲೂ ಹೊಸ ಫೋಟೋ, ಹೊಸ ತೋಟ, ಒಂದೆರಡು ಸಾಲು ಹೊಸ ವಿಷಯ ಇದೆ. ವೋಟ್ ಹಾಕಲು ಯಾವ ಗಂಟೆ ಒಳ್ಳೇದು ಅನ್ನೋದೂ ನಂದೊಂದು ಲೆಕ್ಕ ಇದೆ, ಅದು ನನ್ನ ಹತ್ತಿರವೇ ಇರಲಿ.

ಪೂಲ್ ಈಗ ಹದಿನಾಲ್ಕು ಸಾವಿರ ಹೈವ್ ಪವರ್, ಏಳು ಜನ. ಬೆಲೆ ಚೆನ್ನಾಗಿದ್ದಾಗ ನಮ್ಮ ವೋಟ್ 28 ಸೆಂಟ್, ನಮ್ಮ ಹಿಂದೆ ಬಂದು ವೋಟ್ ಹಾಕುವವರದ್ದು ಸೇರಿ ವರದಿಗೆ ಅರ್ಧ ಡಾಲರ್ ಹತ್ತಿರ. ಅದರಲ್ಲಿ ಅರ್ಧ ಭಾಗ, ವೋಟ್ ಹಾಕಿದವರಿಗೆ ವಾಪಸ್, ಉಳಿದದ್ದರಲ್ಲಿ 80% ಅಂದರೆ ಬರೆದವರಿಗೆ ಇಪ್ಪತ್ತು ಸೆಂಟ್. ಬೋರ್ಡೋ ಪೋಸ್ಟ್‌ಗೆ ಮೊದಲ ವರ್ಷ 25 ವರದಿ, ಮೂರನೇ ವರ್ಷ 60ರ ಹತ್ತಿರ. ಒಂದು ಡಾಲರ್ ತಂದಿದ್ದ ಪೋಸ್ಟ್ ಮೂರು ಮಳೆಗಾಲದಲ್ಲಿ 25 ಡಾಲರ್ ಆಸುಪಾಸು ತಂದಿದೆ. ನಗಬೇಡಿ, ನಾಲ್ಕು ಆಳಿನ ಒಂದು ದಿನದ ಕೂಲಿ ಅದು. ಎಲ್ಲ ಬರಹಗಾರರಿಗೂ ಸೇರಿ ಹೋದದ್ದು 120 ಡಾಲರ್ ದಾಟಿರಬೇಕು. ಹೈವ್ ಬೆಲೆ ಇಳಿದಾಗ ಇದೂ ಇಳಿಯುತ್ತೆ. ರೂಪಾಯಿ ಮಾಡುವಾಗ 2022ರಿಂದ ಬಂದ 30% ತೆರಿಗೆ, ಅದರ ಜೊತೆ 1% ಟಿಡಿಎಸ್, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಡೆಲಿಗೇಟ್ ಮಾಡಿ ಅಂತ ನಾನು ಯಾರನ್ನೂ ಕಾಡಿಲ್ಲ. 2021ರ ಕೊನೆಯಲ್ಲಿ ಹೈವ್ ಮೂರು ಡಾಲರ್ ದಾಟಿದಾಗ ಪವರ್ ಡೌನ್ ಶುರು ಮಾಡಿದ್ದೆ. ಪೂರ್ತಿ ಕೈಗೆ ಬರೋಕೆ ಹದಿಮೂರು ವಾರ. ಕೊನೇ ಕಂತು ಬಂದಾಗ ಒಂದು ಡಾಲರ್ ಆಸುಪಾಸಿಗೆ ಕೂತಿತ್ತು. ಹಾಗಾಗಿ ಬಂದವರಿಗೆ ಹೇಳೋದು ಇಷ್ಟೇ: ಪವರ್ ನಿಮ್ಮದೇ, ನಾನು ವೋಟ್ ಹಾಕುತ್ತೇನೆ ಅಷ್ಟೇ, ಬೇಡ ಅನಿಸಿದರೆ ಐದು ದಿನದಲ್ಲಿ ವಾಪಸ್ ನಿಮ್ಮ ಕೈಗೆ.

ನಡುವೆ ಒಂದೆರಡು ಬೇರೆ ಪ್ರಯೋಗ ಮಾಡಿದೆ. ಪೋಸ್ಟ್‌ಗಳನ್ನು ಕಲೆಕ್ಟ್ ಮಾಡಿಸುವ (ಓದುಗರು ಕೊಂಡು ಇಟ್ಟುಕೊಳ್ಳುವ) ಇನ್ನೊಂದು ವೇದಿಕೆಯಲ್ಲಿ ಹಾಕಿದೆ, ಮೂರು ಮಾರಾಟ, ಮೂವರೂ ನಮ್ಮವರೇ. ಆರ್‌ವೀವ್‌ನಲ್ಲಿ (ಫೈಲ್‌ಗಳನ್ನು ಶಾಶ್ವತವಾಗಿ ಇಡುವ ಜಾಲ) ಒಂದು ಸಲ ದುಡ್ಡು ಕಟ್ಟಿ ಹನ್ನೆರಡು ಪೋಸ್ಟ್ ಇಟ್ಟೆ. ಉಳಿಯೋದೇನೋ ಉಳಿಯುತ್ತೆ, ಬರೆದವನಿಗೆ ಏನೂ ಬರುವುದಿಲ್ಲ. ಆದರೆ ಅದರಿಂದ ಒಂದು ಬುದ್ಧಿ ಬಂತು. ಹೈವ್ ಚೈನ್ ಮೇಲೆ ಇರೋದು ಅಕ್ಷರ ಮಾತ್ರ, ಫೋಟೋ ಎಲ್ಲೋ ಒಂದು ಸರ್ವರ್‌ನಲ್ಲಿ ಇರುತ್ತೆ. ನನ್ನ ಕತ್ತಿ ಪರೀಕ್ಷೆಯ ನಾಲ್ಕು ಫೋಟೋದಲ್ಲಿ ಮೂರು ಮಾಯವಾಗಿದ್ದವು, ಹಾಕಿದ್ದ ಜಾಗವೇ ಮುಚ್ಚಿಹೋಗಿತ್ತು. ಕೆಂಪು ಅಂಚು ಕಾಣದ ಮೇಲೆ ಆ ಪೋಸ್ಟ್ ಇದ್ದೇನು ಬಂತು? ಮತ್ತೆ ದ್ರಾವಣ ಕಲಸಿ, ಸುಣ್ಣ ಬೇಕಂತಲೇ ಕಡಿಮೆ ಹಾಕಿ, ಕತ್ತಿ ಅದ್ದಿ ಫೋಟೋ ತೆಗೆದು, ಎಡಿಟ್ ಮಾಡಿದೆ. ಪೇಔಟ್ ಮುಗಿದ ಮೇಲೂ ಎಡಿಟ್ ಮಾಡಬಹುದಲ್ಲ. ಈಗ ಎಲ್ಲ ಫೋಟೋ ಎರಡು ಕಡೆ ಇಡುತ್ತೇನೆ. ಸ್ಟಿಕ್ಕರ್ ಮಾಡಿಸುವವರಿಗೆ ಇನ್ನೊಂದು ಮಾತು, ಪರ್ಮ್‌ಲಿಂಕ್ (ಪೋಸ್ಟ್‌ನ ವೆಬ್ ವಿಳಾಸದ ಕೊನೆಯ ಭಾಗ) ಕನ್ನಡದಲ್ಲಿ ನಡೆಯೋದಿಲ್ಲ. ಹಾಕುವಾಗಲೇ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕ ಹೆಸರು ಕೊಡಿ, ಆಮೇಲೆ ಬದಲಿಸೋಕೆ ಆಗೋದಿಲ್ಲ.

ಮೇಷ್ಟ್ರ ಕಥೆ ಬಾಕಿ ಇತ್ತಲ್ಲ. ಅವರ ಕಾಂಡಕೊರಕದ ಪೋಸ್ಟ್‌ಗೆ ಒಳ್ಳೇ ವರದಿ ಬಂತು, ಎರಡು ವರ್ಷದಲ್ಲಿ 18 ಎಚ್‌ಬಿಡಿ (ಡಾಲರ್ ಬೆಲೆಗೆ ಕಟ್ಟಿದ ಹೈವ್‌ನ ನಾಣ್ಯ) ಹತ್ತಿರ ಜಮೆಯಾಯಿತು. ಕ್ಲೇಮ್ ಮಾಡಿಕೊಡೋಣ ಅಂತ ಹೋದರೆ ಕೀ (ಅಕೌಂಟ್ ತೆರೆಯುವ ಗುಪ್ತ ಪಾಸ್‌ವರ್ಡ್) ಇಲ್ಲ. ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದರಂತೆ. ವರ್ಷ ಮುಗಿದ ಮೇಲೆ ಅಮ್ಮಾವರು ಆ ಕ್ಯಾಲೆಂಡರ್ ಹರಿದು ಡಬ್ಬಿಗಳಿಗೆ ಹಾಸಿದ್ದಾರೆ. ಎಲ್ಲ ಡಬ್ಬಿ ಇಳಿಸಿ ನೋಡಿದೆವು, ಅರ್ಧ ಸಾಲು ಸಿಕ್ಕಿತು, ಉಳಿದರ್ಧ ಇಲ್ಲ. ದುಡ್ಡು ಇಡೀ ಜಗತ್ತಿಗೆ ಕಾಣುತ್ತೆ, ಮುಟ್ಟೋಕೆ ಆಗಲ್ಲ. ಈಗ ಹೊಸ ಅಕೌಂಟ್ ಮಾಡಿಕೊಟ್ಟಿದ್ದೇನೆ, ಕೀ ಬರೆದ ಚೀಟಿ ನನ್ನ ಬೀರುವಿನಲ್ಲೂ ಒಂದಿದೆ. ಸರಿಯಲ್ಲ ಅಂತ ನೀವು ಬೈಯಬಹುದು, ಬೈಯಿರಿ. ಬೆನಿಫಿಷಿಯರಿ ಹಾಕುವ ಮುಂಚೆ ಆ ಅಕೌಂಟ್‌ನವರು ಇತ್ತೀಚೆಗೆ ಏನಾದರೂ ಮಾಡಿದ್ದಾರಾ ಅಂತ ಸ್ಕ್ರಿಪ್ಟ್ ಈಗ ನೋಡಿಕೊಳ್ಳುತ್ತೆ.

ಇನ್ನು ಹತ್ತು ದಿನಕ್ಕೆ ಸೆಪ್ಟೆಂಬರ್. ಕಾಂಡದ ಮೇಲೆ ಉಬ್ಬಿದ ಗೆರೆಯ ಹೊಸ ಫೋಟೋ ಬೇಕು ಅಂತ ಮೇಷ್ಟ್ರಿಗೆ ಎರಡು ಸಲ ಹೇಳಿದೆ. "ಮಳೆ ಬಿಟ್ಟಿಲ್ಲ, ಜಿಗಣೆ ಕಾಟ, ನೀನೇ ಬಾರಪ್ಪ" ಅಂದರು. ನಾಳೆ ಬೆಳಿಗ್ಗೆ ಹೊಗೆಸೊಪ್ಪು, ಸುಣ್ಣ ಕಾಲಿಗೆ ಹಚ್ಚಿಕೊಂಡು ನಾನೇ ಇಳಿಯಬೇಕು.