ನಡುಗುವ ಟೆಲಿಸ್ಕೋಪಿಗೆ ಕಮ್ಮಿ ಖರ್ಚಿನ ಹೊಸ ಮೌಂಟ್ ಆರಿಸುವುದು ಹೇಗೆ?

ನನ್ನ 130 ಮಿ.ಮೀ. ನ್ಯೂಟೋನಿಯನ್ (ಕನ್ನಡಿಯಿಂದ ಬೆಳಕು ಹಿಡಿಯುವ) ಟೆಲಿಸ್ಕೋಪಿನ ಕನ್ನಡಿ ಎಷ್ಟು ಒಳ್ಳೆಯದು ಅನ್ನೋದು ಎರಡು ವರ್ಷ ನನಗೆ ಗೊತ್ತೇ ಆಗಲಿಲ್ಲ. 6 ಮಿ.ಮೀ. ಐಪೀಸ್ (ಕಣ್ಣಿಡುವ ಮಸೂರ) ಹಾಕಿ ಶನಿಯನ್ನು ಹಿಡಿಯುತ್ತಿದ್ದೆ. ಫೋಕಸ್ ಗುಂಡಿಗೆ ಬೆರಳು ತಾಕಿದರೆ ಸಾಕು, ಶನಿ ಗೆರೆ ಎಳೆದ ಹಾಗೆ ಅತ್ತಿತ್ತ ನಡುಗುತ್ತಿತ್ತು. ಕೈ ತೆಗೆದು ಆರು ಸೆಕೆಂಡ್ ಕಾಯಬೇಕು. ನಿಂತ ಮೇಲೆ ನೋಡಿದರೆ ಫೋಕಸ್ ಇನ್ನೂ ಕೂತಿಲ್ಲ. ಮತ್ತೆ ಮುಟ್ಟಬೇಕು, ಮತ್ತೆ ಕಾಯಬೇಕು. ಟೆಲಿಸ್ಕೋಪೇ ಕಳಪೆ ಅಂದುಕೊಂಡು ಮೂಲೆಗೆ ಸೇರಿಸಿದ್ದೆ. ಒಂದು ರಾತ್ರಿ ಗೆಳೆಯರೊಬ್ಬರು ಅದೇ ಕೊಳವೆಯನ್ನು ತಮ್ಮ ಗಟ್ಟಿ ಮೌಂಟಿನ, ಅಂದರೆ ಕೊಳವೆಯನ್ನು ಹೊತ್ತು ತಿರುಗಿಸುವ ಆಸರೆಯ, ಮೇಲೆ ಕೂರಿಸಿದರು. ಶನಿಯ ಉಂಗುರವನ್ನು ಎರಡಾಗಿ ಸೀಳುವ ಸಣ್ಣ ಕಪ್ಪು ಗೆರೆ, ಕ್ಯಾಸಿನಿ ಅಂತರ, ಅವತ್ತು ಮೊದಲ ಸಲ ಕಂಡಿತು. ಕನ್ನಡಿ ಅದೇ, ಐಪೀಸ್ ಅದೇ.

ಮೌಂಟ್ ಬದಲಿಸಬೇಕು ಅಂತಿದ್ದರೆ, ದುಡ್ಡು ಬಿಚ್ಚುವ ಮುಂಚೆ ನಡುಕ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ನೂರು ಪಟ್ಟಿನಷ್ಟು ದೊಡ್ಡದಾಗಿ ತೋರಿಸುವ ಐಪೀಸ್ ಹಾಕಿ ಒಂದು ನಕ್ಷತ್ರವನ್ನು ನಡುವಿಗೆ ತನ್ನಿ. ಕೊಳವೆಯ ಪಕ್ಕಕ್ಕೆ ಬೆರಳಿನಿಂದ ಮೆಲ್ಲಗೆ ತಟ್ಟಿ, ನಕ್ಷತ್ರ ನಿಲ್ಲುವವರೆಗೆ ಎಣಿಸಿ. ಎರಡು ಸೆಕೆಂಡಿನೊಳಗೆ ನಿಂತರೆ ಚೆನ್ನಾಗಿದೆ. ಮೂರರವರೆಗೆ ಸಹಿಸಬಹುದು. ಐದು ದಾಟಿದರೆ ಗ್ರಹಗಳನ್ನು ನೋಡುವುದು ಕಷ್ಟ. ಈಗ ಜೊತೆಗಿರುವವರಿಗೆ ಟ್ರೈಪಾಡಿನ ಕಾಲು ಮೇಲೆ ಸೇರುವ ಜಾಗವನ್ನು ಗಟ್ಟಿಯಾಗಿ ಹಿಡಿದುಕೊಳ್ಳಲು ಹೇಳಿ, ಮತ್ತೆ ತಟ್ಟಿ. ಆಮೇಲೆ ಕಾಲುಗಳನ್ನು ಉದ್ದ ಮಾಡುವ ಕೀಲು, ಆಮೇಲೆ ಮೌಂಟಿನ ತಲೆ, ಕೊನೆಗೆ ಕೊಳವೆಯನ್ನು ಹಿಡಿದಿರುವ ಬಳೆಗಳು. ಎಲ್ಲಿ ಹಿಡಿದಾಗ ನಡುಕ ಕಮ್ಮಿಯಾಗುತ್ತದೋ ತೊಂದರೆ ಅಲ್ಲೇ ಇದೆ.

ನನ್ನದರಲ್ಲಿ ತೊಂದರೆ ಕಾಲುಗಳದ್ದು. ತೆಳ್ಳಗಿನ ಅಲ್ಯೂಮಿನಿಯಂ ಕಾಲು, ಮೇಲಿನ ಬೋಲ್ಟಿನಲ್ಲಿ ಕೈಗೆ ಗೊತ್ತಾಗುವಷ್ಟು ಸಡಿಲ. ಬೋಲ್ಟ್ ಬಿಗಿ ಮಾಡಿ, ಕಾಲುಗಳನ್ನು ಉದ್ದ ಮಾಡದೆ ಕುರ್ಚಿಯಲ್ಲಿ ಕೂತು ನೋಡಿದೆ. ಆರು ಸೆಕೆಂಡ್ ನಾಲ್ಕಕ್ಕೆ ಇಳಿಯಿತು. ಕಾಲುಗಳ ನಡುವೆ ನೀರು ತುಂಬಿದ ಕ್ಯಾನ್ ನೇತುಹಾಕಿದೆ, ಇನ್ನೂ ಸ್ವಲ್ಪ ಇಳಿಯಿತು. ಕೆಲವರಿಗೆ ಇಷ್ಟೇ ಸಾಕಾಗಬಹುದು. ತಲೆ ಸರಿಯಿದ್ದು ಕಾಲು ಮಾತ್ರ ಕೆಟ್ಟದಾಗಿದ್ದರೆ ಗಟ್ಟಿ ಮರದ ಕಾಲುಗಳನ್ನು ಮಾಡಿಸಿ ಹಾಕಿ. ಮರ ನಡುಕವನ್ನು ಬೇಗ ನುಂಗುತ್ತದೆ.

ಸಾಕಾಗದಿದ್ದರೆ ಮೌಂಟ್ ಹುಡುಕಬೇಕು. ಅದಕ್ಕೆ ಮೊದಲು ಕೊಳವೆಯನ್ನು ತೂಗಿ. ಬಳೆಗಳು, ಫೈಂಡರ್ (ಗುರಿ ಹುಡುಕುವ ಪುಟ್ಟ ದುರ್ಬೀನು), ನಿಮ್ಮಲ್ಲಿರುವ ಅತಿ ಭಾರದ ಐಪೀಸ್ ಎಲ್ಲ ಸೇರಿಸಿ ತೂಗಬೇಕು. ನೀವು ತೂಕದ ಯಂತ್ರದ ಮೇಲೆ ಸುಮ್ನೆ ನಿಂತು ಒಂದು ಸಲ, ಕೊಳವೆ ತಬ್ಬಿಕೊಂಡು ಒಂದು ಸಲ. ಕಳೆದರೆ ಲೆಕ್ಕ ಸಿಕ್ಕಿತು. ನನ್ನದು ನಾಲ್ಕೂವರೆ ಕಿಲೋ ಬಂತು.

ಇಲ್ಲೇ ನಾನು ಒಂದು ತಪ್ಪು ಮಾಡಿದೆ. 6 ಕಿಲೋ ಹೊರುತ್ತದೆ ಅಂತ ಬರೆದಿದ್ದ ಒಂದು ಹಗುರ ಮೋಟಾರ್ ಮೌಂಟ್ ಕೊಂಡೆ. ಹೊತ್ತಿದ್ದೇನೋ ಹೌದು, ಆದರೆ ತಟ್ಟಿದರೆ ಮತ್ತೆ ನಾಲ್ಕು ಸೆಕೆಂಡ್! ತೂಕದಷ್ಟೇ ಉದ್ದವೂ ಮುಖ್ಯ ಅನ್ನೋದು ಆಗ ತಿಳಿಯಿತು. ಅಷ್ಟೇ ತೂಕದ ಕೊಳವೆ ಎರಡು ಪಟ್ಟು ಉದ್ದವಿದ್ದರೆ, ಅದನ್ನು ತಿರುಗಿಸಲು, ತಿರುಗುತ್ತಿರುವುದನ್ನು ನಿಲ್ಲಿಸಲು, ಸುಮಾರು ನಾಲ್ಕು ಪಟ್ಟು ಜೋರು ಬೇಕು. 4 ಕಿಲೋದ ಗಿಡ್ಡ ಮ್ಯಾಕ್ಸುಟೋವ್ (ಕನ್ನಡಿ, ಮಸೂರ ಎರಡೂ ಇರುವ ಟೆಲಿಸ್ಕೋಪ್) ಆರಾಮಾಗಿ ಕೂರುವ ಮೌಂಟಿನ ಮೇಲೆ 4 ಕಿಲೋದ ಉದ್ದನೆಯ ರಿಫ್ರ್ಯಾಕ್ಟರ್ (ಮಸೂರದ ಟೆಲಿಸ್ಕೋಪ್) ಬಾವುಟದ ಹಾಗೆ ಅಲ್ಲಾಡುತ್ತದೆ. ಈಗ ನಾನು ಕಣ್ಣಿನಿಂದ ನೋಡುವುದಕ್ಕೆ ಬರೆದಿರುವ ಭಾರದ ಮೂರನೇ ಎರಡು ಭಾಗ, ಫೋಟೋ ತೆಗೆಯುವುದಕ್ಕೆ ಅರ್ಧ ಮಾತ್ರ ನಂಬುತ್ತೇನೆ. ಕೊಳವೆ ಉದ್ದವಿದ್ದರೆ ಇನ್ನೂ ಕಮ್ಮಿ.

ನಿಮ್ಮದು ನ್ಯೂಟೋನಿಯನ್ ಆಗಿದ್ದು, ಕಣ್ಣಿನಿಂದ ನೋಡುವುದಷ್ಟೇ ಆಸೆಯಾದರೆ, ಡಾಬ್ಸೋನಿಯನ್ ಪೆಟ್ಟಿಗೆಗಿಂತ ಅಗ್ಗದ ಗಟ್ಟಿ ಮೌಂಟ್ ನನಗೆ ಗೊತ್ತಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಜಾನ್ ಡಾಬ್ಸನ್ ಸಿಕ್ಕ ಸಾಮಾನಿನಲ್ಲೇ ದೊಡ್ಡ ಟೆಲಿಸ್ಕೋಪ್ ಮಾಡಿ, ಬೀದಿ ಬದಿಯಲ್ಲಿ ಹೋಗಿ ಬರುವವರಿಗೆಲ್ಲ ಚಂದ್ರನನ್ನು ತೋರಿಸಿದವರು. 1968ರಲ್ಲಿ ಅವರ ಜೊತೆಗಾರರ ಬೀದಿ ಖಗೋಳ ಕೂಟ ಶುರುವಾಯಿತು. ಅವರ ಮೌಂಟ್ ಅಂದರೆ ನೆಲದ ಮೇಲೆ ತಿರುಗುವ ಒಂದು ಮರದ ಪೆಟ್ಟಿಗೆ, ಅಷ್ಟೇ. ನಡುಗಲು ಉದ್ದನೆಯ ಕಾಲುಗಳೇ ಇಲ್ಲ.

ನಾನು 18 ಮಿ.ಮೀ. ಪ್ಲೈವುಡ್ಡಿನಲ್ಲಿ ಮಾಡಿಕೊಂಡೆ. ಕೆಳಗಿನ ಹಲಗೆಗೆ ಮೂರು ಪಾದ. ಅವುಗಳ ನೇರ ಮೇಲೆ ಮೂರು ಟೆಫ್ಲಾನ್ ತುಂಡು. ನೇರ ಮೇಲೆ ಅನ್ನೋದು ಮರೆಯಬೇಡಿ, ಪಕ್ಕಕ್ಕೆ ಸರಿದರೆ ಹಲಗೆ ಬಾಗುತ್ತದೆ. ಮೇಲಿನ ಹಲಗೆಯ ತಳಕ್ಕೆ ಸ್ವಲ್ಪ ತರಿ ಇರುವ ಲ್ಯಾಮಿನೇಟ್ ಹಾಳೆ ಅಂಟಿಸಿದೆ. ಕನ್ನಡಿಯಂತೆ ನುಣ್ಣಗಿರುವುದಕ್ಕಿಂತ ತರಿ ಇರುವ ಹಾಳೆ ಟೆಫ್ಲಾನ್ ಮೇಲೆ ಚೆನ್ನಾಗಿ ಜಾರುತ್ತದೆ. ತಳ್ಳಿದರೆ ಜಾರಬೇಕು, ಬಿಟ್ಟಲ್ಲಿ ನಿಲ್ಲಬೇಕು. ಬಾಲ್ ಬೇರಿಂಗ್ ತಟ್ಟೆ ಹಾಕಿದರೆ ಸರಾಗ ಜಾಸ್ತಿಯಾಗಿ, ಗಾಳಿ ಬಂದರೂ ತಿರುಗಿಬಿಡುತ್ತದೆ. ಮೇಲೆ ಕೆಳಗೆ ಆಡಲು ಕೊಳವೆಯ ಎರಡೂ ಪಕ್ಕ ಮರದ ಬಿಲ್ಲೆಗಳು ಬೇಕು. ಕೊಳವೆಗೆ ಐಪೀಸ್, ಫೈಂಡರ್ ಹಾಕಿ ಒಂದು ಪೈಪಿನ ಮೇಲೆ ಅಡ್ಡ ಇಟ್ಟು, ತೂಗಿ ನಿಲ್ಲುವ ಜಾಗ ಹುಡುಕಿ, ಬಿಲ್ಲೆಗಳ ನಡುಬಿಂದು ಅಲ್ಲಿಗೆ ಬರುವ ಹಾಗೆ ಕೂರಿಸಿ. ಬಿಲ್ಲೆ ದೊಡ್ಡದಾದಷ್ಟೂ ಒಳ್ಳೆಯದು. ಭಾರದ ಐಪೀಸ್ ಹಾಕಿದಾಗ ಕೊಳವೆ ತಾನಾಗಿ ಬಾಗುವುದಿಲ್ಲ. ಕೊಳವೆ ಗಿಡ್ಡವಿದ್ದರೆ ಪೆಟ್ಟಿಗೆಯನ್ನು ಗಟ್ಟಿ ಸ್ಟೂಲಿನ ಮೇಲಿಡಬೇಕಾಗುತ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ರಿಫ್ರ್ಯಾಕ್ಟರ್, ಮ್ಯಾಕ್ಸುಟೋವ್ ಇದ್ದವರಿಗೆ ಪೆಟ್ಟಿಗೆ ಸರಿಹೋಗುವುದಿಲ್ಲ. ಐಪೀಸ್ ಕೆಳಗಿನ ತುದಿಯಲ್ಲಿರುತ್ತದೆ, ಎತ್ತರ ಬೇಕು. ಒಂದೇ ತೋಳಿನ ಆಲ್ಟ್-ಅಜಿಮತ್ (ಮೇಲೆ ಕೆಳಗೆ, ಅತ್ತಿತ್ತ ತಿರುಗುವ) ತಲೆ, ಉಕ್ಕಿನ ಕಾಲು ಆರಿಸಿಕೊಳ್ಳಿ. ಉದ್ದನೆಯ ಕೊಳವೆ ನೆತ್ತಿಯ ಕಡೆ ತಿರುಗಿದಾಗ ಕಾಲಿಗೆ ತಾಗುತ್ತದಾ ಅಂತ ಕೊಳ್ಳುವಾಗಲೇ ನೋಡಿ.

ಇಕ್ವಟೋರಿಯಲ್, ಅಂದರೆ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿಟ್ಟು ಆಕಾಶದ ಜೊತೆ ತಿರುಗುವ ಮೌಂಟ್, ಬೇಕಾ? ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ನನ್ನ 900 ಮಿ.ಮೀ. ಫೋಕಲ್ ಉದ್ದಕ್ಕೆ 6 ಮಿ.ಮೀ. ಪ್ಲೋಸಲ್ ಮಾದರಿಯ ಐಪೀಸ್ ಹಾಕಿದರೆ 150 ಪಟ್ಟು. ಆಗ ಗ್ರಹ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೂವರೆ ನಿಮಿಷದೊಳಗೆ ದಾಟಿಬಿಡುತ್ತದೆ. ಡಾಬ್ಸೋನಿಯನ್ನನ್ನು ಆಗಾಗ ತಳ್ಳುತ್ತಿರಬೇಕು, ಒಂದೆರಡು ವಾರದಲ್ಲಿ ಕೈಗೆ ರೂಢಿಯಾಗುತ್ತದೆ. ಗ್ರಹದ ಚಿತ್ರ ಬರೆಯುವವರಿಗೆ, ಜಾಸ್ತಿ ಹೊತ್ತಿನ ಫೋಟೋ ತೆಗೆಯುವವರಿಗೆ ಮಾತ್ರ ಇಕ್ವಟೋರಿಯಲ್ ನಿಜವಾಗಿ ಬೇಕು. ನನ್ನಂಥ ಉದ್ದ ಕೊಳವೆಗೆ ಇಕ್ಯೂ5 ದರ್ಜೆಯದ್ದು (ಮಧ್ಯಮ ಗಾತ್ರದ ಇಕ್ವಟೋರಿಯಲ್) ಗಟ್ಟಿ. ಆದರೆ ಕೊಳವೆಗೆ ಸಮತೋಲ ಕೊಡುವ ಎದುರು ತೂಕಗಳೂ ಸೇರಿ 15 ಕಿಲೋ ದಾಟುತ್ತದೆ, ಅದನ್ನು ಪ್ರತಿ ರಾತ್ರಿ ಹೊರಗೆ ಹೊರುವವರು ನೀವೇ ಅಲ್ವಾ? ಸಮಭಾಜಕ ವೃತ್ತಕ್ಕೆ ಹತ್ತಿರ ಇರುವವರು ಇನ್ನೊಂದು ನೋಡಬೇಕು. ಆ ಅಕ್ಷವನ್ನು ನಿಮ್ಮ ಅಕ್ಷಾಂಶದಷ್ಟೇ ಎತ್ತರಕ್ಕೆ ಬಾಗಿಸಬೇಕು. ಕೆಲವು ಮೌಂಟ್ ಅಷ್ಟು ಕೆಳಗೆ ಇಳಿಯುವುದಿಲ್ಲ, ಇಳಿದರೂ ತೂಕದ ಸರಳು ಟ್ರೈಪಾಡಿಗೆ ತಾಗುತ್ತದೆ.

ಹಳೆಯದು ಕೊಳ್ಳುವುದಾದರೆ ಬೀಗಗಳನ್ನು ಬಿಗಿ ಮಾಡಿ, ಕೊಳವೆ ಕೂರುವ ಜಾಗವನ್ನು ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ಗೇರುಗಳ ನಡುವೆ ಸಡಿಲ ಇದೆ. ಹೊಂದಿಸುವ ಸ್ಕ್ರೂ ಇದ್ದರೆ ಅದು ಅಲೆನ್ ಕೀಲಿಯಿಂದ ಸರಿಹೋಗುವ ತೊಂದರೆ. ನಿಧಾನ ಚಲನೆಯ ಗುಂಡಿಯನ್ನು ತಿರುಗಿಸುತ್ತಾ ಅಕ್ಷವನ್ನು ಪೂರ್ತಿ ಒಂದು ಸುತ್ತು ತನ್ನಿ. ಎಲ್ಲ ಕಡೆ ಒಂದೇ ಸಮ ಬಿಗಿಯಾಗಿದ್ದರೆ ಗ್ರೀಸ್ ಒಣಗಿರಬಹುದು, ಬಿಚ್ಚಿ ಒರೆಸಿ ಹೊಸದು ಹಚ್ಚಿ. ಒಂದೇ ಜಾಗದಲ್ಲಿ ಹಿಡಿದುಕೊಂಡರೆ ಹಲ್ಲು ಕೆಟ್ಟಿದೆ, ಬಿಟ್ಟುಬಿಡಿ. ಎದುರು ತೂಕಗಳು ಇವೆಯಾ ಅಂತಲೂ ಕೇಳಿ. ಕೊಳವೆಯನ್ನು ಮೌಂಟಿಗೆ ಸೇರಿಸುವ ಪಟ್ಟಿಯ ಅಗಲ ಅಳೆಯಿರಿ. ಸಣ್ಣ ಟೆಲಿಸ್ಕೋಪುಗಳಲ್ಲಿ ಸಾಮಾನ್ಯವಾಗಿ ಸುಮಾರು 44 ಮಿ.ಮೀ. ಇರುವ ವಿಕ್ಸೆನ್ ಮಾದರಿ ಇರುತ್ತದೆ. ಸುಮಾರು 75 ಮಿ.ಮೀ.ನ ಲಾಸ್ಮಂಡಿ ಪಟ್ಟಿಗೆ ಮಾತ್ರ ಇರುವ ಹಿಡಿಕೆಯಲ್ಲಿ ಅದು ನಿಲ್ಲುವುದಿಲ್ಲ.

ಹೊಸ ಮೌಂಟ್ ಬಂದ ಮೊದಲ ರಾತ್ರಿ ಅದೇ ನಕ್ಷತ್ರ, ಅದೇ ಐಪೀಸ್ ಹಾಕಿ ಮತ್ತೆ ತಟ್ಟಿ ಎಣಿಸಿ, ಬರೆದಿಡಿ. ನನ್ನ ಪೆಟ್ಟಿಗೆಯದು ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬಂತು. ಮುಂದೆ ಆ ಲೆಕ್ಕ ಏರಿದರೆ ಯಾವುದೋ ಸ್ಕ್ರೂ ಸಡಿಲವಾಗಿದೆ ಅಂತ ಅರ್ಥ.