ಭತ್ತದ ಗದ್ದೆಯಲ್ಲಿ ಆರ್ಸೆನಿಕ್: ಪತ್ತೆ ಹೇಗೆ, ತಡೆ ಹೇಗೆ?

ಆರ್ಸೆನಿಕ್ ಎಂಬ ವಿಷಕಾರಿ ಧಾತು ಇರುವ ಕೊಳವೆಬಾವಿಯ ನೀರನ್ನು ಕುಡಿಯದಿದ್ದರೂ ಗದ್ದೆಗೆ ಹಾಯಿಸುತ್ತಲೇ ಇರುತ್ತೇವೆ. ಲೀಟರಿಗೆ 0.1 ಮಿಲಿಗ್ರಾಂ ಆರ್ಸೆನಿಕ್ ಇರುವ ನೀರು ಒಂದು ಬೆಳೆಗೆ 1,000 ಮಿ.ಮೀ. ಹರಿದರೆ ಹೆಕ್ಟೇರಿಗೆ 1 ಕಿಲೋ ಆರ್ಸೆನಿಕ್ ಬಂದು ಸೇರುತ್ತದೆ. ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 20 ಲಕ್ಷ ಕಿಲೋ ತೂಗುತ್ತದೆ. ಬಂದದ್ದೆಲ್ಲ ಅಲ್ಲೇ ನಿಂತರೆ ಪ್ರತಿ ಕಿಲೋ ಮಣ್ಣಿಗೆ ಅರ್ಧ ಮಿಲಿಗ್ರಾಂ ಏರಿಕೆ, ಅದೂ ಒಂದೇ ಬೆಳೆಯಲ್ಲಿ.

ಮಣ್ಣಿನ ಮಾದರಿ ತೆಗೆಯುವಾಗ ನೀರು ಒಳಬರುವ ಬಾಯಿಯ ಹತ್ತಿರದ ಮಣ್ಣನ್ನೂ ದೂರದ ಬದುವಿನ ಮಣ್ಣನ್ನೂ ಬೆರೆಸಲೇಬೇಡಿ. ಅಂತರ್ಜಲದ ಕಬ್ಬಿಣ ಗಾಳಿ ತಾಕಿದೊಡನೆ ತುಕ್ಕಿನ ಬಣ್ಣಕ್ಕೆ ತಿರುಗಿ ಬಾಯಿಯ ಬಳಿಯೇ ತಳಕ್ಕಿಳಿಯುತ್ತದೆ. ಆರ್ಸೆನಿಕ್ ಅದಕ್ಕೆ ಅಂಟಿಕೊಂಡೇ ಕೂರುತ್ತದೆ. ಎರಡನ್ನೂ ಬೆರೆಸಿದರೆ ಸರಾಸರಿ ಮಾತ್ರ ಸಿಗುತ್ತದೆ, ಕೆಟ್ಟ ಜಾಗ ಕಾಣುವುದಿಲ್ಲ. ಪ್ರತಿ ಭಾಗದ ಎಂಟು-ಹತ್ತು ಕಡೆ 15 ಸೆಂ.ಮೀ. ಆಳದವರೆಗೆ ಅಗೆದು, ಆಯಾ ಭಾಗದ ಮಣ್ಣನ್ನು ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಪ್ರಯೋಗಾಲಯಕ್ಕೆ ಕಳಿಸಿ. ನೀರಿನ ಮಾದರಿ ಹಿಡಿಯುವ ಮೊದಲು ಪಂಪನ್ನು ಸ್ವಲ್ಪ ಹೊತ್ತು ಓಡಿಸಿ.

ಸದಾ ನೀರು ನಿಂತ ಕೆಸರಿನಲ್ಲಿ ಆಮ್ಲಜನಕ ಮುಗಿದು, ಕಬ್ಬಿಣ ಹಿಡಿದಿಟ್ಟ ಆರ್ಸೆನಿಕ್ ಬಿಡುಗಡೆಯಾಗುತ್ತದೆ. ಸಿಲಿಕಾನ್ ಹೀರುವ ದಾರಿಯಲ್ಲೇ ಬೇರು ಅದನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಗದ್ದೆಯನ್ನು ಆಗಾಗ ಆರಲು ಬಿಡುವುದೇ ಮುಖ್ಯ ಉಪಾಯ. 30 ಸೆಂ.ಮೀ. ಉದ್ದ, 10–15 ಸೆಂ.ಮೀ. ಅಗಲದ ಪಿವಿಸಿ ಪೈಪ್ ತೆಗೆದುಕೊಂಡು, ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆದು, ಆ ಅರ್ಧವನ್ನು ಮಣ್ಣಿನಲ್ಲಿ ಹೂಳಿ. ಒಳಗಿನ ಕೆಸರನ್ನು ತೆಗೆದುಹಾಕಿ. ಇಲ್ಲದಿದ್ದರೆ ನೀರಿನ ಮಟ್ಟ ತಿಳಿಯುವುದೇ ಇಲ್ಲ. ನಾಟಿಯಾದ ಒಂದೆರಡು ವಾರದ ನಂತರ, ಪೈಪಿನೊಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ 5 ಸೆಂ.ಮೀ. ನಿಲ್ಲುವಷ್ಟು ಹಾಯಿಸಿ. ಹೂ ಬಿಡುವ ಮುಂಚಿನ ಒಂದು ವಾರ ಮತ್ತು ನಂತರದ ಒಂದು ವಾರ ಮಾತ್ರ ನೀರು ಆರಬಾರದು, ಆರಿದರೆ ಕಾಳು ಜೊಳ್ಳಾಗುತ್ತದೆ.

ಒಂದು ಎಚ್ಚರಿಕೆ: ಮಣ್ಣು ಆರಿದಷ್ಟೂ ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಕಾರಿ ಲೋಹ ಕಾಳಿಗೆ ಸುಲಭವಾಗಿ ಏರುತ್ತದೆ, ಹುಳಿ ಮಣ್ಣಿನಲ್ಲಂತೂ ಇನ್ನೂ ಹೆಚ್ಚು. ಮಣ್ಣಿನಲ್ಲಿ ಅದನ್ನೂ ಪರೀಕ್ಷಿಸಿಯೇ ಎಷ್ಟು ಆರಿಸಬೇಕೆಂದು ನಿರ್ಧರಿಸಿ. ಹಸಿ ಹುಲ್ಲನ್ನು ನೀರು ನಿಂತ ಗದ್ದೆಗೆ ತುಳಿಯಬೇಡಿ. ಅದು ಕೊಳೆಯುವಾಗ ಆರ್ಸೆನಿಕ್ ಇನ್ನಷ್ಟು ಬಿಡುಗಡೆಯಾಗುತ್ತದೆ.

ಕೊಯ್ಲಾದ ಮೇಲೆ ಅಕ್ಕಿಯಲ್ಲಿ ಅಜೈವಿಕ ಆರ್ಸೆನಿಕ್ (ಇಂಗಾಲದೊಡನೆ ಸೇರದ, ಹೆಚ್ಚು ವಿಷಕಾರಿಯಾದ ರೂಪ) ಎಷ್ಟೆಂದು ಪ್ರತ್ಯೇಕವಾಗಿ ಕೇಳಿ ಪರೀಕ್ಷಿಸಿ. ಪಾಲಿಶ್ ಮಾಡಿದ ಅಕ್ಕಿಗೆ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಕಿಲೋಗೆ 0.2 ಮಿಲಿಗ್ರಾಂ. ತೌಡಿನಲ್ಲಿ ಅಂಶ ಹೆಚ್ಚಿರುವುದರಿಂದ ಪಾಲಿಶ್ ಮಾಡದ ಅಕ್ಕಿಯ ಮಿತಿ 0.35.