ಏಪ್ರಿಲ್‌ನಲ್ಲಿ ಓವರ್‌ಕ್ಲಾಕ್ ಮಾಡಲು ಹೋಗಿ

ಓವರ್‌ಕ್ಲಾಕ್ ಅಂದರೆ ಕಂಪ್ಯೂಟರಿನ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವುದು. ನಾನು ಇದಕ್ಕೆ ಕೈ ಹಾಕಿದ ಹೊತ್ತೇ ಸರಿ ಇರಲಿಲ್ಲ. ಏಪ್ರಿಲ್ ತಿಂಗಳು, ಹುಬ್ಬಳ್ಳಿ ಬಿಸಿಲು, ನನ್ನದು ಮಹಡಿ ಮೇಲಿನ ತಗಡಿನ ಕೋಣೆ. ಬುದ್ಧಿ ಇದ್ದವರಾದರೆ ಡಿಸೆಂಬರ್ ತನಕ ಕಾಯುತ್ತಿದ್ದರು.

ಪ್ರೊಸೆಸರ್ ರೈಜನ್ 5 2600. 2018ರ ಮಾಲು. ಆರು ಕೋರ್, ಮೂಲ ವೇಗ 3.4 ಗಿಗಾಹರ್ಟ್ಸ್, ತಾನಾಗಿಯೇ ಏರಿದರೆ 3.9 ತನಕ. ಇದರ ಮಲ್ಟಿಪ್ಲೈಯರ್‌ಗೆ, ಅಂದರೆ 100 ಮೆಗಾಹರ್ಟ್ಸನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಅಂಕಿಗೆ, ಬೀಗ ಇಲ್ಲ. ನನ್ನ ಬಿ450 ಮದರ್‌ಬೋರ್ಡ್ ಕೂಡ ಅಡ್ಡಿ ಮಾಡುವುದಿಲ್ಲ. ಅಗ್ಗ ಅಂತ ಎ320 ಬೋರ್ಡ್ ತಂದಿದ್ದರೆ ಅಲ್ಲಿಗೇ ಕತೆ ಮುಗಿಯುತ್ತಿತ್ತು.

ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್‌ಗೆ) ಹೋಗಿ ಮಲ್ಟಿಪ್ಲೈಯರ್ 40, ವೋಲ್ಟೇಜ್ 1.35 ಅಂತ ಹಾಕಿದೆ. ಅಂದರೆ ಆರೂ ಕೋರ್ 4.0ರಲ್ಲಿ. ವಿಂಡೋಸ್ ಆರಾಮಾಗಿ ತೆರೆಯಿತು. ಆಸೆ ಹೆಚ್ಚಾಗಿ 4.2 ಹಾಕಿದೆ. ಪರದೆ ಕಪ್ಪು, ಫ್ಯಾನ್ ಮಾತ್ರ ತಿರುಗುತ್ತಿದೆ. ಪ್ಲಗ್ ಕಿತ್ತು, ಬೋರ್ಡ್ ಮೇಲಿನ ದುಂಡನೆ ಸೆಲ್ ತೆಗೆದಿಟ್ಟು, ಕೆಳಗೆ ಹೋಗಿ ಚಹಾ ಕುಡಿದು ಬಂದೆ. ಸೆಲ್ ಮತ್ತೆ ಕೂರಿಸಿದರೆ ಬಯೋಸ್ ಎಲ್ಲ ಮರೆತಿತ್ತು. ಸದ್ಯ!

ಮತ್ತೆ 4.0ಕ್ಕೇ ಬಂದು ಪ್ರೊಸೆಸರನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಪ್ರೈಮ್95 ಓಡಿಸಿದೆ. ಹತ್ತು ನಿಮಿಷಕ್ಕೆ 92 ಡಿಗ್ರಿ. ಈ ಚಿಪ್‌ನ ಮಿತಿ 95. ಅಷ್ಟರಲ್ಲಿ ಕೆಳಗಿನಿಂದ ಅವ್ವ ಕೂಗಿದಳು: "ಏನೋ ತಮ್ಮಾ, ಮ್ಯಾಲೆ ಗಿರಣಿ ಹಚ್ಚೀಯೇನು?"

ಬಿಸಿ ವೇಗದ ಜೊತೆ ಏರುತ್ತದೆ, ಆದರೆ ವೋಲ್ಟೇಜ್‌ನ ವರ್ಗದ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದರ) ಜೊತೆಗೂ ಏರುತ್ತದೆ. 1.2ನ್ನು 1.35 ಮಾಡಿದರೆ ವೋಲ್ಟೇಜ್ ಹೆಚ್ಚಿದ್ದು ಎಂಟನೇ ಒಂದು ಭಾಗ. ಬಿಸಿ ಮಾತ್ರ ಅದರಿಂದಲೇ ಕಾಲು ಭಾಗಕ್ಕಿಂತ ಜಾಸ್ತಿ. ಡಬ್ಬಿಯಲ್ಲಿ ಬಂದ ಸಣ್ಣ ಕೂಲರ್ ಇದನ್ನು ತಡೆಯುವುದಿಲ್ಲ, ಅದರಲ್ಲೂ ನಮ್ಮೂರ ಧೂಳು ಅದರ ಹಲ್ಲುಗಳ ನಡುವೆ ಗಾದಿಯ ಅರಳೆ ಹಾಗೆ ಕೂತಿರುವಾಗ.

ಟವರ್ ಕೂಲರ್ ತಂದೆ. ಹಳೇದನ್ನು ನೇರ ಮೇಲಕ್ಕೆ ಎಳೆದೆ, ಅದೇ ತಪ್ಪು. ಬಿಸಿಯನ್ನು ಕೂಲರ್‌ಗೆ ದಾಟಿಸಲು ನಡುವೆ ಹಚ್ಚಿದ ಪೇಸ್ಟ್ ಗಟ್ಟಿಯಾಗಿತ್ತು, ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬಂತು. ತಿರುವಿ ನೋಡಿದರೆ ಮೂಲೆಯ ಒಂದು ಪಿನ್ ವಾಲಿತ್ತು. ಸೀಸ ತೆಗೆದ ಕ್ಲಚ್ ಪೆನ್ಸಿಲ್‌ನ ತುದಿಯನ್ನು ಅದಕ್ಕೆ ತೊಡಿಸಿ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ನೆಟ್ಟಗೆ ಮಾಡಿದೆ. ನೀವು ಮಾಡುವುದಾದರೆ ಮೊದಲು ಹತ್ತು ನಿಮಿಷ ಗೇಮ್ ಆಡಿ, ಆಫ್ ಮಾಡಿ, ಪೇಸ್ಟ್ ಬಿಸಿ ಇರುವಾಗಲೇ ಕೂಲರನ್ನು ಡಬ್ಬಿಯ ಮುಚ್ಚಳದ ಹಾಗೆ ಮೆಲ್ಲಗೆ ಆಚೀಚೆ ತಿರುವಿ ಬಿಡಿಸಿ.

ಹೊಸ ಕೂಲರ್ ಹಾಕಿದ ಮೇಲೆ ಅದೇ ಪರೀಕ್ಷೆಯಲ್ಲಿ 78 ಡಿಗ್ರಿ.

ಇಷ್ಟೆಲ್ಲ ಮಾಡಿ ಗೇಮ್‌ನಲ್ಲಿ ಏನು ಸಿಕ್ಕಿತು? ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಿ 58 ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಚಿತ್ರ) ಇದ್ದದ್ದು 58ರಲ್ಲೇ ಉಳಿಯಿತು. ಗ್ರಾಫಿಕ್ಸ್ ಕಾರ್ಡ್ ಆಗಲೇ ನೂರಕ್ಕೆ 98 ದುಡಿಯುತ್ತಿತ್ತು, ಪ್ರೊಸೆಸರ್ ಅದಕ್ಕಾಗಿ ಕಾಯುತ್ತಾ ಕೂತಿತ್ತು. ವ್ಯಾಲೊರಂಟ್‌ನಲ್ಲಿ ಉಲ್ಟಾ, ಅಲ್ಲಿ ಭಾರ ಪ್ರೊಸೆಸರ್ ಮೇಲೆ. 170ರ ಸುತ್ತ ಇದ್ದದ್ದು 185 ಆಯಿತು. ನಿಮ್ಮ ಗೇಮ್ ಯಾವ ಜಾತಿಯದು ಅಂತ ತಿಳಿಯಬೇಕಾದರೆ ರೆಸಲ್ಯೂಷನ್ ಇಳಿಸಿ ನೋಡಿ. ಎಫ್‌ಪಿಎಸ್ ಏರದಿದ್ದರೆ ತಡೆಯುತ್ತಿರುವುದು ಪ್ರೊಸೆಸರ್.

ನಾಚಿಕೆಯ ಸಂಗತಿ ಗೊತ್ತಾಗಿದ್ದು ಆಮೇಲೆ. ನನ್ನ ರ‍್ಯಾಮ್ ಪಾಕೀಟಿನ ಮೇಲೆ 3200 ಅಂತಿತ್ತು, ಓಡುತ್ತಿದ್ದದ್ದು 2133ರಲ್ಲಿ. ಎರಡು ವರ್ಷದಿಂದ! ಬಯೋಸ್‌ನಲ್ಲಿ ಪಾಕೀಟಿನ ಮೇಲಿನ ವೇಗ ಕೊಡುವ ಎಕ್ಸ್‌ಎಂಪಿ ಆನ್ ಮಾಡಿಯೇ ಇರಲಿಲ್ಲ. ಈ ರೈಜನ್‌ನಲ್ಲಿ ಕೋರ್‌ಗಳ ಗುಂಪುಗಳನ್ನು ಜೋಡಿಸುವ ಒಳದಾರಿಯ ವೇಗ ರ‍್ಯಾಮ್ ವೇಗಕ್ಕೇ ಕಟ್ಟಿದೆ. ಒಂದು ಸ್ವಿಚ್ ಒತ್ತಿದ್ದಕ್ಕೆ 185 ಹೋಗಿ 210ರ ಹತ್ತಿರ ಬಂತು. ಹೊಗೆಬಾಂಬ್ ಬಿದ್ದಾಗ ಆಗುತ್ತಿದ್ದ ತಡವರಿಕೆಯೂ ಹೆಚ್ಚುಕಡಿಮೆ ನಿಂತಿತು. ಹದಿನೈದು ದಿನ ಸುಮ್ನೆ ಪ್ರೊಸೆಸರ್ ಬೆನ್ನು ಹತ್ತಿದ್ದೆ.

ಈಗ ಬಯೋಸ್‌ನಲ್ಲಿ ಎರಡು ಪ್ರೊಫೈಲ್ ಉಳಿಸಿದ್ದೇನೆ. 4.0ರದ್ದಕ್ಕೆ ಮಳೆಗಾಲ ಅಂತ ಹೆಸರು. ವೋಲ್ಟೇಜ್ ಇಳಿಸಿದ 3.9ರದ್ದು ಬ್ಯಾಸಗಿ.